ನಾಣ್ಯ ಬಿದ್ದ ಮೇಲೆ ಮಾತು

ಅಳಿಯ: ಬೆಂಗಳೂರಿನ ಸಂಡೇ ಬಜಾರಿನಲ್ಲಿ ಸಿಕ್ಕಿತು ಮಾವ. ಡಯಲ್ ತಿರುಗಿಸುವ ಕಾಯಿನ್ ಫೋನು. ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿತ್ತೋ, ಯಾವ ರೈಲ್ವೆ ಸ್ಟೇಷನ್ನಿನಲ್ಲಿತ್ತೋ ಮಾರಿದವನಿಗೂ ಗೊತ್ತಿಲ್ಲ. ಒಳಗಿನದೆಲ್ಲ ಕಿತ್ತು ತೆಗೆದು, ಒಂದು ಬ್ಲೂಟೂತ್ ಬೋರ್ಡು ಕೂರಿಸಿ ಮೊಬೈಲಿಗೆ ಜೋಡಿಸಿಬಿಡೋಣ ಅಂತಿದ್ದೇನೆ.

ಮಾವ: ಕಿತ್ತು ತೆಗೆಯುವುದಕ್ಕೆ ರಿಟೈರ್ ಆದ ಲೈನ್‌ಮನ್ ಯಾಕೆ? ಗುಜರಿಯವನೇ ಸಾಕಲ್ಲ. ಅದಿರಲಿ, ಈ ಮನೆಯೊಳಗೆ ನಿನ್ನ ಮೊಬೈಲಿಗೆ ಸಿಗ್ನಲ್ ಎಲ್ಲಿದೆ ಮಾರಾಯ? ತೋಟ ದಾಟಿ, ಎದುರಿನ ಗುಡ್ಡ ಹತ್ತಿ, ಗೇರುಮರದ ಹತ್ತಿರ ನಿಂತರೆ ಎರಡು ಕಡ್ಡಿ ಕಾಣುತ್ತದೆ. ‘ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ’ ಅಂತ ನಮ್ಮ ಕಡೆ ಹಳ್ಳಿಹಳ್ಳಿಯವರು ಪಟ್ಟು ಹಿಡಿದದ್ದು ಸುಮ್ಮನೆ ಅಲ್ಲ. ಮೊಬೈಲಿಗೆ ಜೋಡಿಸಿದ ಈ ಭಾರವನ್ನು ಹೊತ್ತುಕೊಂಡು ಗುಡ್ಡ ಹತ್ತುತ್ತೀಯಾ?

ಅಳಿಯ: ಮನೆಗೆ ಫೈಬರ್ ಬಂದಿದೆಯಲ್ಲ ಮಾವ.

ಮಾವ: ಬಂದಿದ್ದಕ್ಕೇ ಹೇಳಿದ್ದು. ಆ ಬಿಳಿ ಡಬ್ಬಿಯ ಹಿಂದೆ ಫೋನಿನ ಕಿಂಡಿ ಒಂದಿದೆ ನೋಡು. ಅದರಲ್ಲಿ ಬರುವುದು ಹಳೆಯ ಕಾಲದ ಎರಡು ತಂತಿಯ ಲೈನೇ. ಇದಕ್ಕೆ ಬೇಕಾದ್ದೂ ಅಷ್ಟೇ. ಒಳಗಿನ ಒಂದು ಸ್ಕ್ರೂ ಸಹ ಬಿಸಾಡಬೇಡ. ಮೊದಲು ಬೀಗ ತೆಗಿ.

ಅಳಿಯ: ಕೀ ಕೊಟ್ಟಿಲ್ಲ. ಡ್ರಿಲ್ ಹೊಡೆದರೆ?

ಮಾವ: ಹೊಡಿ, ಆಮೇಲೆ ಜನ್ಮಪೂರ್ತಿ ಆ ತೂತು ನೋಡುತ್ತ ಕೂರು. ಪೇಟೆಯಲ್ಲಿ ಬೀಗ ರಿಪೇರಿಯವನು ಇದ್ದಾನೆ, ಅವನ ಹತ್ತಿರ ಒಯ್ಯಿ. ಬೀಗ ಎರಡಿದೆ, ಗಮನಿಸಿದೆಯಾ? ಒಂದು ಯಂತ್ರದ್ದು, ಇನ್ನೊಂದು ಹಣದ ಡಬ್ಬಿಯದ್ದು. ರಿಪೇರಿಗೆ ಬಂದವನಿಗೆ ಹಣ ಮುಟ್ಟಲಿಕ್ಕಾಗದು, ಹಣ ಒಯ್ಯಲು ಬಂದವನಿಗೆ ಯಂತ್ರ ಮುಟ್ಟಲಿಕ್ಕಾಗದು. ಮನೆಯ ಫೋನಿಗೂ ಬೀದಿಯ ಫೋನಿಗೂ ಇರುವ ವ್ಯತ್ಯಾಸವೇ ಇದು. ಬೀದಿಯ ಫೋನು ಯಾರನ್ನೂ ನಂಬುವುದಿಲ್ಲ, ಇಲಾಖೆಯವರನ್ನೂ ಸೇರಿಸಿ.

ಅಳಿಯ: ನಮ್ಮ ಕಡೆ ಇಂಥದ್ದು ಇತ್ತಾ?

ಮಾವ: ಇದು ದೊಡ್ಡ ಊರಿನ ಸಾಮಾನು. ಡಯಲ್ ಇರಬೇಕೆಂದರೆ ಆ ಊರಿನಲ್ಲಿ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ ಇರಬೇಕು. ಹಳ್ಳಿ ಕಡೆ ಪೋಸ್ಟಾಫೀಸಿನ ಮೂಲೆಯಲ್ಲೊಂದು ಫೋನು. ಶಿವಮೊಗ್ಗದ ಮಂಡಿಯಲ್ಲಿ ರಾಶಿ ಅಡಿಕೆಗೆ ಎಷ್ಟು ದರ ಅಂತ ಕೇಳಲು ಟ್ರಂಕ್ ಕಾಲ್ ಬುಕ್ ಮಾಡಿ ಕಟ್ಟೆ ಮೇಲೆ ಕೂರಬೇಕಿತ್ತು. ಮಾತು ಹದಕ್ಕೆ ಬರುವ ಹೊತ್ತಿಗೆ ಆಪರೇಟರು ‘ಮೂರು ನಿಮಿಷ ಆಯ್ತು’ ಅಂತ ನಡುವೆ ಬಾಯಿ ಹಾಕುತ್ತಿದ್ದರು. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂತು. ಅದರ ಬೆನ್ನಿಗೇ ಕಿರಾಣಿ ಅಂಗಡಿಯ ಎದುರು ಒಂದು ರೂಪಾಯಿಯ ಕೆಂಪು ಫೋನು. ಅದರಲ್ಲಿ ಗುಂಡಿ ಒತ್ತುವುದು, ಡಯಲ್ ಇರಲಿಲ್ಲ. ನೀನು ತಂದದ್ದು ಅದರ ಅಜ್ಜ. ಒಳಗೆ ಐಸಿ ಇಲ್ಲ, ಬೋರ್ಡಿಲ್ಲ. ಅದಕ್ಕೇ ರಿಪೇರಿ ಆಗುತ್ತದೆ ಅಂತ ನನಗೆ ಧೈರ್ಯ.

ಅಳಿಯ: ಬೀಗ ತೆಗೆಸಿದ ಮೇಲೆ ಯಾವುದರಿಂದ ಶುರು?

ಮಾವ: ಒಂದು ತಂತಿಯನ್ನೂ ಬಿಚ್ಚುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗಿ. ನಿನ್ನ ಮೊಬೈಲಿನ ಉಪಯೋಗ ಅಲ್ಲಿದೆ. ಪ್ರತಿ ತಂತಿಗೂ ಕಾಗದದ ಚೀಟಿ ಕಟ್ಟು. ಮಣ್ಣುಗೂಡು, ಜಿರಲೆಯ ಹಿಕ್ಕೆ, ಬೂಷ್ಟು ಎಲ್ಲ ಇರುತ್ತದೆ. ಅದನ್ನು ಒಣ ಬ್ರಷ್ಷಿನಲ್ಲೇ ತೆಗಿ, ನೀರು ಸೋಕಿಸಬೇಡ. ಬಟ್ಟೆ ಸುತ್ತಿದ ತಂತಿ ಮುಟ್ಟಿದರೆ ಪುಡಿಯಾಗುವ ಹಾಗಿದ್ದರೆ ಬದಲಾಯಿಸಲೇಬೇಕು. ಮೇಲಿನ ಬಣ್ಣಕ್ಕೆ ಕೈ ಹಚ್ಚುವುದು ಕೊಟ್ಟಕೊನೆಗೆ. ಎಲ್ಲರೂ ಮೊದಲು ಪಾಲಿಶ್ ಮಾಡುತ್ತಾರೆ. ಫಳಫಳ ಹೊಳೆಯುವ ಮೂಕ ಫೋನು ಮನೆಯಲ್ಲಿಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಅಳಿಯ: ಆಮೇಲೆ?

ಮಾವ: ಒಳಗಿರುವುದು ಮೂರು ಸಂಗತಿ: ಮಾತಾಡುವ ಫೋನು, ಡಯಲು, ನಾಣ್ಯದ ಕೆಲಸ. ಮೂರನ್ನೂ ಬೇರೆ ಬೇರೆ ಪರೀಕ್ಷೆ ಮಾಡಬೇಕು. ಒಟ್ಟಿಗೆ ಹಿಡಿದರೆ ಹುಚ್ಚು ಹಿಡಿಯುತ್ತದೆ. ಮಾತಿಗೆ ಎಕ್ಸ್‌ಚೇಂಜೇ ಬೇಕಿಲ್ಲ. ನಮ್ಮ ಅಟ್ಟದಲ್ಲಿ ಐಟಿಐ ಕಪ್ಪು ಫೋನು ಒಂದಿದೆಯಲ್ಲ, ಅದನ್ನು ಇಳಿಸು. ಹನ್ನೆರಡು ವೋಲ್ಟಿನ ಒಂದು ಬ್ಯಾಟರಿ. ಬ್ಯಾಟರಿಯ ಒಂದು ತುದಿಯಿಂದ ಆ ಫೋನಿಗೆ, ಆ ಫೋನಿನಿಂದ ಈ ಫೋನಿಗೆ, ಇಲ್ಲಿಂದ ಬ್ಯಾಟರಿಯ ಇನ್ನೊಂದು ತುದಿಗೆ. ಎರಡೂ ರಿಸೀವರ್ ಎತ್ತಿದರೆ ಅಡುಗೆಮನೆಯವರೂ ಜಗಲಿಯವರೂ ಮಾತಾಡಬಹುದು.

ಅಳಿಯ: ಅಷ್ಟೇನಾ?

ಮಾವ: ಅಷ್ಟೇ. ನಿನ್ನ ದನಿಗೆ ಇದ್ದಲಿನ ಕಾಳುಗಳು ಒತ್ತಿಕೊಂಡಾಗ ಕರೆಂಟು ಹೆಚ್ಚು ಹರಿಯುತ್ತದೆ, ಸಡಿಲವಾದಾಗ ಕಡಿಮೆ. ಆ ಏರಿಳಿತವೇ ಆಚೆ ಕಡೆ ಮಾತಾಗಿ ಕೇಳುತ್ತದೆ. ಕೇಳಿಸದಿದ್ದರೆ ಮೊದಲ ಅನುಮಾನ ಮೈಕಿನ ಗುಂಡಿನ ಮೇಲೆ. ನಮ್ಮ ಮಳೆಗಾಲದ ಥಂಡಿಗೆ ಒಳಗಿನ ಕಾಳುಗಳು ಡಬ್ಬಿಯ ಉಪ್ಪಿನ ಹಾಗೆ ಗಟ್ಟಿಯಾಗಿರುತ್ತವೆ. ಬಿಚ್ಚಿ, ಅಂಗೈಗೆ ಮೆಲ್ಲಗೆ ಬಡಿ. ಅರ್ಧಕ್ಕರ್ಧ ಸಲ ಅಷ್ಟಕ್ಕೇ ಜೀವ ಬರುತ್ತದೆ. ಬರದಿದ್ದರೆ ಅಟ್ಟದ ಫೋನಿನ ಗುಂಡು ಅಳತೆಗೆ ಕೂರುತ್ತದಾ ನೋಡುವ.

ಅಳಿಯ: ಅಟ್ಟದ್ದು ನಮ್ಮ ಬೆಂಗಳೂರಿನದೇ ಅಲ್ಲವಾ?

ಮಾವ: ದೂರವಾಣಿನಗರದ್ದು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಐಟಿಐ ಶುರುವಾಯಿತು. ದೇಶಕ್ಕೆಲ್ಲ ಫೋನು ಮಾಡಿ ಕಳಿಸಿದ ಕಾರ್ಖಾನೆ. ಅದರ ಸುತ್ತಲಿನ ಬಡಾವಣೆಗೆ ದೂರವಾಣಿಯದೇ ಹೆಸರು ಬಂತು. ಬೇರೆ ದೇಶದ ಹಳೇ ಫೋನು ಹಿಡಿದವರು ಬಿಡಿಭಾಗಕ್ಕೆ ಪರದಾಡುತ್ತಾರೆ. ನಮಗೆ ಆ ಕಷ್ಟ ಕಡಿಮೆ, ಊರಿನ ಅಟ್ಟಗಳಲ್ಲೆಲ್ಲ ಒಂದೊಂದು ಬಿದ್ದಿದೆ.

ಅಳಿಯ: ಡಯಲ್ ತಿರುಗಿಸಿದರೆ ವಾಪಸು ಬರುವಾಗ ತೂಕಡಿಸುತ್ತದೆ. ಕೊಬ್ಬರಿ ಎಣ್ಣೆ ಬಿಡಲಾ?

ಮಾವ: ಆ ಒಂದು ಕೆಲಸ ಮಾಡಬೇಡ. ಮಲೆನಾಡಿನ ಗಡಿಯಾರ, ಹೊಲಿಗೆ ಮಿಷನ್ನು, ಫೋನು ಎಲ್ಲವನ್ನೂ ಕೆಡಿಸಿದ್ದು ಕೊಬ್ಬರಿ ಎಣ್ಣೆ. ಚಳಿಗೆ ಹೆಪ್ಪುಗಟ್ಟುತ್ತದೆ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ. ಹಳೆಯ ಜಿಡ್ಡನ್ನು ಪೆಟ್ರೋಲ್ ಅದ್ದಿದ ಬ್ರಷ್ಷಿನಲ್ಲಿ ತೆಗಿ, ಒಣಗಲಿ. ಆಮೇಲೆ ಹೊಲಿಗೆ ಮಿಷನ್ನಿನ ಎಣ್ಣೆ, ಸೂಜಿಮೊನೆಯಷ್ಟು, ಗವರ್ನರಿನ ಎರಡು ತುದಿಗೆ ಮಾತ್ರ. ಗವರ್ನರ್ ಅಂದರೆ ಆ ಗರಗರ ತಿರುಗುವ ಪುಟ್ಟ ರೆಕ್ಕೆಯಂಥದ್ದು. ಡಯಲು ಸ್ಪ್ರಿಂಗಿನ ಬಲಕ್ಕೆ ಓಡಿಹೋಗದ ಹಾಗೆ ಅದು ತಡೆ ಹಿಡಿಯುತ್ತದೆ. ಸೊನ್ನೆ ತಿರುಗಿಸಿ ಬಿಡು. ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಮನೆಗೆ ಬಂದರೆ ಡಯಲು ಸರಿ ಇದೆ ಅಂತ ಲೆಕ್ಕ.

ಅಳಿಯ: ಒಂದೇ ಸೆಕೆಂಡು ಯಾಕೆ?

ಮಾವ: ಸೊನ್ನೆಗೆ ಹತ್ತು ತುಂಡು. ಡಯಲು ಏನು ಮಾಡುತ್ತದೆ ಗೊತ್ತಾ? ಲೈನಿನ ಕರೆಂಟನ್ನು ಕತ್ತರಿಸಿ ಕತ್ತರಿಸಿ ಕಳಿಸುತ್ತದೆ. ಒಂದಕ್ಕೆ ಒಂದು ತುಂಡು, ಎಂಟಕ್ಕೆ ಎಂಟು, ಸೊನ್ನೆಗೆ ಹತ್ತು. ಸೆಕೆಂಡಿಗೆ ಹತ್ತರ ವೇಗ. ಒಂದೊಂದು ತುಂಡಿನಲ್ಲೂ ಮೂರರಲ್ಲಿ ಎರಡು ಪಾಲು ಹೊತ್ತು ಲೈನ್ ಬಿಟ್ಟಿರಬೇಕು, ಒಂದು ಪಾಲು ಕೂಡಿರಬೇಕು. ಬೆರಳಿನಲ್ಲಿ ತಿರುಗಿಸುವಾಗ ಏನೂ ಹೋಗುವುದಿಲ್ಲ, ಬಿಟ್ಟು ವಾಪಸು ಬರುವಾಗಲೇ ಹೋಗುವುದು. ಆದ್ದರಿಂದ ಅವಸರಕ್ಕೆ ಡಯಲನ್ನು ಹಿಂದಕ್ಕೆ ತಳ್ಳಿದರೆ ರಾಂಗ್ ನಂಬರ್ ಖಾತ್ರಿ. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಹೆಣ ಸಂಸ್ಕಾರದ ವ್ಯಾಪಾರ ಮಾಡುತ್ತಿದ್ದ ಸ್ಟ್ರೌಜರ್ ಎಂಬಾತನಿಗೆ 1891ರಲ್ಲಿ ಸಿಕ್ಕ ಪೇಟೆಂಟು ಇದೆಲ್ಲದರ ಮೂಲ. ಅವನ ಹೆಸರಿನ ಎಕ್ಸ್‌ಚೇಂಜಿನಲ್ಲಿ ಒಂದೊಂದು ತುಂಡಿಗೂ ಒಂದು ಸ್ವಿಚ್ಚು ಒಂದೊಂದು ಮೆಟ್ಟಿಲು ಹತ್ತುತ್ತಿತ್ತು. ಇಲ್ಲಿ ಬೆರಳು ಬಿಟ್ಟರೆ ಅಲ್ಲಿ ಕಬ್ಬಿಣ ಏಳುತ್ತಿತ್ತು. ಎಕ್ಸ್‌ಚೇಂಜಿನ ಹಾಲಿನಲ್ಲಿ ನಿಂತರೆ ಬೆಳಗಿನ ಹತ್ತು ಗಂಟೆ ಹೊತ್ತಿಗೆ ಪಕ್ಕದವನ ಮಾತು ಕೇಳುತ್ತಿರಲಿಲ್ಲ.

ಅಳಿಯ: ಹಾಗಾದರೆ ರಿಸೀವರ್ ಇಡುವ ಕೊಕ್ಕೆಯನ್ನು ಟಕಟಕ ಒತ್ತಿದರೂ ನಂಬರ್ ಹೋಗಬೇಕಲ್ಲ? ಅದೂ ಲೈನ್ ಕತ್ತರಿಸುವುದೇ ತಾನೆ?

ಮಾವ: ನಿನ್ನ ಅಪ್ಪನ ಮಗ ನೀನು! ಫೋನ್ ಬಿಲ್ಲು ಏರುತ್ತದೆ ಅಂತ ನಿನ್ನ ಅಜ್ಜ ಡಯಲಿನ ತೂತಿಗೆ ಸಣ್ಣ ಬೀಗ ಜಡಿದಿದ್ದರು. ನಿನ್ನ ಅಪ್ಪ ಕೊಕ್ಕೆ ಬಡಿದೇ ಗೆಳೆಯರಿಗೆ ಫೋನ್ ಮಾಡುತ್ತಿದ್ದ. ನಾಲ್ಕು ಬೇಕೆಂದರೆ ನಾಲ್ಕು ಬಡಿತ, ಸ್ವಲ್ಪ ನಿಲ್ಲಿಸುವುದು, ಮುಂದಿನ ಅಂಕೆ. ತಾಳಜ್ಞಾನ ಇದ್ದವರಿಗೆ ಮಾತ್ರ ಸಾಧ್ಯ. ಅವನಿಗೆ ಮದ್ದಲೆಯ ಅಭ್ಯಾಸ ಇತ್ತು. ಗಾಳಿಮಳೆಯಲ್ಲಿ ಕಂಬದ ತಂತಿ ಒಂದಕ್ಕೊಂದು ತಾಗಿದರೂ ಎಕ್ಸ್‌ಚೇಂಜಿಗೆ ಅದು ‘ಒಂದು, ಒಂದು’ ಅಂತಲೇ ಕೇಳಿಸುತ್ತಿತ್ತು.

ಅಳಿಯ: ಗಂಟೆ? ನನಗೆ ಬೇಕಾದ್ದೇ ಆ ಗಂಟೆಯ ಸದ್ದು.

ಮಾವ: ಗಂಟೆಯ ಸುರುಳಿಗೆ ಮೀಟರ್ ಹಿಡಿದು ನೋಡು. ಸಾವಿರ ಓಮ್ ಆಸುಪಾಸು ತೋರಿಸಿದರೆ ಕ್ಷೇಮ. ಅದರ ಜೊತೆಗಿರುವ ಕಂಡೆನ್ಸರು ಮುಪ್ಪಾಗಿರುತ್ತದೆ. ಅದೇ ಬೆಲೆಯ ಹೊಸದು, ಎರಡು ಮೈಕ್ರೊಫ್ಯಾರಡ್ ಸುಮಾರಿನದು, ಹೆಚ್ಚು ವೋಲ್ಟೇಜ್ ತಡೆಯುವಂಥದ್ದು ಹಾಕು. ಗಂಟೆ ಹೊಡೆಯಲು ಎಕ್ಸ್‌ಚೇಂಜಿನಿಂದ ಬರುತ್ತಿದ್ದದ್ದು 75 ವೋಲ್ಟಿನ ಎಸಿ. ಕಂಬದ ಮೇಲೆ ಕೂತು ಹಲ್ಲಿನಲ್ಲಿ ತಂತಿ ಸುಲಿಯುವಾಗ ಆ ಮನೆಗೆ ಯಾರಾದರೂ ಫೋನ್ ಮಾಡಿದರೆ ತಲೆಯ ಒಳಗೇ ಗಂಟೆ. ನಮ್ಮಲ್ಲಿ ಅದನ್ನು ಉಣ್ಣದವರಿಲ್ಲ. ನಿನ್ನ ಫೈಬರ್ ಡಬ್ಬಿಗೆ ಅಷ್ಟು ಕಸುವಿಲ್ಲ. ಗಂಟೆ ಗುಯ್ ಅಂದು ಸುಮ್ಮನಾದರೆ ಬಟ್ಟಲು ಸಡಿಲಿಸಿ ಸ್ವಲ್ಪ ತಿರುಗಿಸು. ಅದರ ತೂತು ನಡುಮಧ್ಯದಲ್ಲಿ ಇರುವುದಿಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ತಿರುಗಿಸಿದ ಹಾಗೆ ಬಟ್ಟಲು ಬಡಿಯುವ ಕಡ್ಡಿಗೆ ಹತ್ತಿರವೋ ದೂರವೋ ಆಗುತ್ತದೆ.

ಅಳಿಯ: ಇನ್ನು ನಾಣ್ಯ. ಅದನ್ನಾದರೂ ತೆಗೆದುಬಿಡೋಣ ಮಾವ. ಮನೆಯಲ್ಲಿ ಯಾರು ಕಾಸು ಹಾಕುತ್ತಾರೆ?

ಮಾವ: ಅದನ್ನು ತೆಗೆದರೆ ಇದು ಬರೀ ಭಾರದ ಫೋನು. ಕೆಲಸ ನೋಡಿ ಆಮೇಲೆ ತೀರ್ಮಾನಿಸು. ಈ ಡಬ್ಬಿಯಲ್ಲಿ ಮೊದಲು ಕಾಸು ಹಾಕುವುದಲ್ಲ. ನಂಬರ್ ತಿರುಗಿಸುತ್ತೀಯ, ಆಚೆಯವರು ಎತ್ತಿ ‘ಹಲೋ’ ಅನ್ನುತ್ತಾರೆ, ನಿನಗೆ ಕೇಳುತ್ತದೆ. ನೀನು ಎಷ್ಟು ಕೂಗಿದರೂ ಅವರಿಗೆ ಕೇಳುವುದಿಲ್ಲ. ಕಾಸು ಬಿದ್ದ ಮೇಲೆಯೇ ನಿನ್ನ ಮಾತು ಆಚೆ ಹೋಗುವುದು. ಜೇಬು ತಡಕಾಡುವ ಅವಸರದಲ್ಲಿ ನಾಣ್ಯ ಕೆಳಗೆ ಬೀಳಿಸಿಕೊಂಡವರನ್ನು ಸಿನಿಮಾದಲ್ಲಿ ನೋಡಿರಬೇಕು.

ಅಳಿಯ: ಆಚೆಯವರು ಎತ್ತಿದರು ಅಂತ ಈ ಕಬ್ಬಿಣಕ್ಕೆ ಹೇಗೆ ಗೊತ್ತಾಗುತ್ತದೆ?

ಮಾವ: ಈಗ ಸರಿಯಾದ ಪ್ರಶ್ನೆ ಕೇಳಿದೆ. ಇದಕ್ಕೆ ಏನೂ ಗೊತ್ತಿಲ್ಲ. ಗೊತ್ತಿರುವುದು ಎಕ್ಸ್‌ಚೇಂಜಿಗೆ. ಆಚೆ ರಿಸೀವರ್ ಎತ್ತಿದ ಕ್ಷಣ ಎಕ್ಸ್‌ಚೇಂಜು ನಿನ್ನ ಎರಡು ತಂತಿಯ ಪ್ಲಸ್ಸು ಮೈನಸ್ಸನ್ನು ಅದಲುಬದಲು ಮಾಡುತ್ತದೆ. ರಿವರ್ಸಲ್ ಅನ್ನುತ್ತಿದ್ದೆವು. ಎಸ್‌ಟಿಡಿ ಬೂತಿನ ಮೀಟರು ಓಡುತ್ತಿದ್ದದ್ದೂ ಎಷ್ಟೋ ಕಡೆ ಇದರ ಆಧಾರದ ಮೇಲೇ. ಇಲ್ಲಿ ಒಳಗೊಂದು ರಿಲೇ ಇದೆ. ಕರೆಂಟು ತಿರುಗಿದ್ದೇ ತಡ, ಮೈಕನ್ನು ಶಾರ್ಟ್ ಮಾಡಿ ಬಾಯಿ ಮುಚ್ಚಿಸುತ್ತದೆ. ನಾಣ್ಯ ಜಾರಿ ಬಂದು ಸನ್ನೆಯನ್ನು ತಟ್ಟಿದರೆ ಬಿಡುಗಡೆ. ಇಷ್ಟು ಅಪನಂಬಿಕೆಯ ಯಂತ್ರಕ್ಕೂ ಒಂದು ಸಂದಿ ಇತ್ತು: ಮೈಕು ಸತ್ತರೂ ಕಿವಿಯ ಗುಂಡು ಬದುಕಿರುತ್ತದೆ. ಅದಕ್ಕೇ ಬಾಯಿ ಹಚ್ಚಿ ಕೂಗಿದರೆ ಆಚೆಗೆ ಸಣ್ಣಗೆ ಕೇಳುತ್ತದೆ. ಗ್ರಹಾಂ ಬೆಲ್ಲನ 1876ರ ಫೋನಿನಲ್ಲಿ ಮಾತಾಡುವುದಕ್ಕೂ ಕೇಳುವುದಕ್ಕೂ ಒಂದೇ ಬಗೆಯ ಸಾಮಾನು ಇದ್ದದ್ದು. ಹಾಸ್ಟೆಲಿನ ಹುಡುಗರಿಗೆ ಇದನ್ನೆಲ್ಲ ಯಾರೂ ಪಾಠ ಮಾಡಬೇಕಾಗಿರಲಿಲ್ಲ.

ಅಳಿಯ: ನಮ್ಮ ಲೈನಿನಲ್ಲಿ ಈ ರಿವರ್ಸಲ್ ಬರುತ್ತದಾ?

ಮಾವ: ಮೀಟರ್ ಕಚ್ಚಿಸಿ ನೋಡು. ಎದುರಿನವರು ಎತ್ತಿದಾಗ ಸೂಚನೆ ಬದಲಾಗದಿದ್ದರೆ ಇಲ್ಲ ಅಂತ. ಇಲ್ಲದಿದ್ದರೆ ಈ ರಿಲೇ ಸುಮ್ಮನಿರುತ್ತದೆ, ಫೋನು ಪುಕ್ಕಟೆ ಮಾತಾಡಿಸುತ್ತದೆ, ಅಷ್ಟೇ. ಆದರೆ ಪ್ಲಸ್ಸು ಮೈನಸ್ಸು ತಿರುವಿ ಕೊಟ್ಟರೆ ಮೊದಲಿನಿಂದಲೇ ಬಾಯಿ ಮುಚ್ಚಿಕೊಂಡಿರುತ್ತದೆ. ಆಗ ಎರಡು ತಂತಿಯನ್ನು ಅದಲುಬದಲು ಮಾಡಬೇಕು. ಫೋನು ಕೆಟ್ಟಿದೆ ಅಂತ ಒಳಗೆಲ್ಲ ಕೆದಕಬೇಡ.

ಅಳಿಯ: ಇಂಟರ್ನೆಟ್ ಫೋನಿನ ಅಡಾಪ್ಟರ್ ಅಂತ ಪುಟ್ಟ ಡಬ್ಬಿಗಳು ಬರುತ್ತವೆ. ಒಂದರ ಸೆಟ್ಟಿಂಗಿನಲ್ಲಿ ‘ಪೊಲಾರಿಟಿ ರಿವರ್ಸಲ್’ ಅಂತ ನೋಡಿದ ನೆನಪು. ಯಾಕಿದೆ ಅಂತ ಅರ್ಥವೇ ಆಗಿರಲಿಲ್ಲ.

ಮಾವ: ಅದೇ ಇದು! ಹಾಗಾದರೆ ನಾಣ್ಯ ತೆಗೆಯುವ ಮಾತೇ ಬೇಡ. ಅದರಲ್ಲಿ ಪಲ್ಸ್ ಡಯಲಿಂಗೂ ಇದೆಯಾ ವಿಚಾರಿಸು, ಮುಖ್ಯ ಅದು. ಈಗಿನ ಎಷ್ಟೋ ಡಬ್ಬಿಗಳಿಗೆ ಗುಂಡಿಯ ಪೀಂಪೀಂ ಭಾಷೆ ಮಾತ್ರ ಗೊತ್ತು. ಡಯಲಿನ ತುಂಡು ಕರೆಂಟು ಅವಕ್ಕೆ ತಿಳಿಯುವುದಿಲ್ಲ. ಗಂಟೆ ಬರುತ್ತದೆ, ಮಾತು ಬರುತ್ತದೆ, ಆದರೆ ನೀನು ಎಷ್ಟು ತಿರುಗಿಸಿದರೂ ಡಯಲ್ ಟೋನು ನಿಲ್ಲುವುದಿಲ್ಲ. ಹಾಗಿದ್ದರೆ ನಡುವೆ ಪಲ್ಸನ್ನು ಟೋನಿಗೆ ಬದಲಿಸುವ ಪರಿವರ್ತಕ ಹಾಕಬೇಕು. ಆನ್‌ಲೈನಿನಲ್ಲಿ ತರಿಸಿಕೊಳ್ಳುತ್ತಾರೆ. ಹಿಂದೆ ಹಳ್ಳಿಗಳಿಗೆ ಎಕ್ಸ್‌ಚೇಂಜು ಮಾಡಿಕೊಟ್ಟ ಸಿ-ಡಾಟ್ ಸಂಸ್ಥೆಯವರ ಯಂತ್ರ ಎರಡೂ ಭಾಷೆ ಬಲ್ಲದಾಗಿತ್ತು. ಅವರ 128 ಲೈನಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜು ಕೂತದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಎಸಿ ಕೋಣೆ ಬೇಡ, ಹಳ್ಳಿಯ ಬಿಸಿಲಿಗೂ ಧೂಳಿಗೂ ಅಂಜದ ಪೆಟ್ಟಿಗೆ. ಹಳ್ಳಿಯವರ ಕೈಗೆ ಡಯಲ್ ಫೋನು ನಿಜವಾಗಿ ಬಂದದ್ದು ಅದು ಬಂದ ಮೇಲೇ ಅಂತ ನನ್ನ ಅಭಿಪ್ರಾಯ.

ಅಳಿಯ: ಅಂದರೆ ಕೊನೆಗೂ ಎಲೆಕ್ಟ್ರಾನಿಕ್ ಡಬ್ಬಿ ಬಂದೇ ಬಂತಲ್ಲ! ಬ್ಲೂಟೂತ್ ಬೋರ್ಡು ಬೇಡ ಅಂದವರು ನೀವೇ.

ಮಾವ: ಡಬ್ಬಿ ಬೇಡ ಅನ್ನಲಿಲ್ಲ. ಫೋನಿನ ಹೊಟ್ಟೆಯೊಳಗೆ ಬೇಡ ಅಂದೆ. ಮೊದಲು ಮನೆಯಲ್ಲಿ ದಡ್ಡ ಫೋನು ಇರುತ್ತಿತ್ತು, ಬುದ್ಧಿಯೆಲ್ಲ ಎಕ್ಸ್‌ಚೇಂಜಿನಲ್ಲಿ. ಈಗ ಆ ಎಕ್ಸ್‌ಚೇಂಜು ಇಲ್ಲ, ಹಾಗಾಗಿ ಅಂಗೈಯಗಲದ ಎಕ್ಸ್‌ಚೇಂಜನ್ನು ನಾವೇ ಗೋಡೆಗೆ ನೇತುಹಾಕಬೇಕಾಗಿದೆ. ಅದು ಸಿಡಿಲಿಗೆ ಹೋಗುತ್ತದೆ, ಥಂಡಿಗೆ ಹೋಗುತ್ತದೆ, ಕಂಪೆನಿಯವನು ಸಾಫ್ಟ್‌ವೇರ್ ನಿಲ್ಲಿಸಿದರೂ ಹೋಗುತ್ತದೆ. ಹೋದರೆ ಬೇರೆ ಡಬ್ಬಿ ತಂದು ಅದೇ ಎರಡು ತಂತಿ ಸಿಕ್ಕಿಸುವುದು. ಫೋನು ಹಾಗೇ ಇರುತ್ತದೆ. ಹೊಟ್ಟೆ ಬಗೆದು ಬೋರ್ಡು ಕೂರಿಸಿದರೆ, ಬೋರ್ಡು ಸತ್ತ ದಿನ ಫೋನೂ ಸತ್ತಂತೆ. ಕಿತ್ತು ಹಾಕಿದ್ದನ್ನು ಯಾವ ಅಂಗಡಿಯಿಂದ ತರುತ್ತೀಯ?

ಅಳಿಯ: ಕರೆಂಟು ಹೋದಾಗ?

ಮಾವ: ಅದೊಂದು ನಷ್ಟ ಒಪ್ಪಿಕೊಳ್ಳಬೇಕು. ಹಳೇ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟು ತಂತಿಯಲ್ಲೇ ಬರುತ್ತಿತ್ತು. ಆಷಾಢದಲ್ಲಿ ಎರಡು ದಿನ ಕರೆಂಟಿಲ್ಲದಿದ್ದರೂ, ಎಲ್ಲೂ ಮರ ಬಿದ್ದು ತಂತಿ ಹರಿಯದಿದ್ದರೆ, ಫೋನು ಮಾತಾಡುತ್ತಿತ್ತು. ಫೈಬರಿನಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಬಿಳಿ ಡಬ್ಬಿಗೂ ಅಡಾಪ್ಟರಿಗೂ ಹನ್ನೆರಡು ವೋಲ್ಟಿನ ಸಣ್ಣ ಯುಪಿಎಸ್ ಇಡು. ಇನ್ನೊಂದು, ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆ. ತಾಮ್ರದ ಕಾಲದಲ್ಲಿ ಸಿಡಿಲು ಕಂಬದ ತಂತಿಯಿಂದ ಬರುತ್ತಿತ್ತು, ಈಗ ಪ್ಲಗ್ಗಿನಿಂದ ಬರುತ್ತದೆ. ಮೋಡ ಗುಡುಗಿದ ಕೂಡಲೇ ಪ್ಲಗ್ ಕೀಳುವ ಅಮ್ಮನ ರೂಢಿ ನೋಡಿ ನೀನು ನಗಾಡುತ್ತಿದ್ದೆಯಲ್ಲ, ಅದನ್ನೇ ಕಲಿ.

ಅಳಿಯ: ಮೊಬೈಲಿಗೆ ಫೋನ್ ಮಾಡುವುದು ಇದರಲ್ಲಿ ದೊಡ್ಡ ಕೆಲಸ ಆಗುತ್ತದೆ, ಅಲ್ಲವಾ?

ಮಾವ: 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮೊದಲು ಸೊನ್ನೆ ಸೇರಿಸಬೇಕು ಅಂತ ನಿಯಮ ಬಂತು. ಡಯಲಿನಲ್ಲಿ ಅತಿ ಉದ್ದದ ಅಂಕೆ ಅದೇ. ಸೊನ್ನೆ, ಮೇಲೆ ಹತ್ತು ಅಂಕೆ, ಅರ್ಧ ನಿಮಿಷದ ಹತ್ತಿರ ಹಿಡಿಯುತ್ತದೆ. ಸಾಗರದ ಕೋಡು 08183 ಒಂದನ್ನೇ ತಿರುಗಿಸಿದರೂ ಮೂವತ್ತು ತುಂಡು. ಸಿಟ್ಟಿನಲ್ಲಿ ಫೋನ್ ಮಾಡಹೊರಟವನಿಗೆ ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. 112ಕ್ಕೆ ನಾಲ್ಕೇ ತುಂಡು, ತುರ್ತಿಗೆ ತೊಂದರೆಯಿಲ್ಲ. ಆದರೆ ಮನೆಗೆ ಇದೊಂದೇ ಫೋನು ಆಗಬಾರದು. ಬ್ಯಾಂಕಿನವರು ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಅಂದರೆ ಪರಿವರ್ತಕ ಇಲ್ಲದೆ ಇದರಲ್ಲಿ ಒತ್ತುವುದಕ್ಕೆ ಏನೂ ಇಲ್ಲ.

ಅಳಿಯ: ಕಾಸು ಯಾವುದು ಹಾಕುವುದು? ಹೊಸ ರೂಪಾಯಿ ಹಾಕಿದರೆ ನೇರ ಕೆಳಗೆ ಬಂದು ಬೀಳುತ್ತದೆ.

ಮಾವ: ನಾಣ್ಯದ ದಾರಿ ಒಂದು ತಪಾಸಣೆ. ಅಗಲ ಅಳೆಯುತ್ತದೆ, ತೂಕ ನೋಡುತ್ತದೆ, ಕೆಲವದರಲ್ಲಿ ಆಯಸ್ಕಾಂತವೂ ಇರುತ್ತದೆ, ಕಬ್ಬಿಣದ ಬಿಲ್ಲೆ ಹಾಕಿ ಮೋಸ ಮಾಡುವವರಿಗಾಗಿ. ಈ ಸಂದಿ ನೋಡಿದರೆ ಹಳೇ ಎಂಟಾಣೆಯದು. 24 ಮಿಲಿಮೀಟರ್ ಅಗಲ, ಐದು ಗ್ರಾಂ, ತಾಮ್ರ-ನಿಕ್ಕಲ್ ಬೆರಕೆ. 1988ರಿಂದ ಉಕ್ಕಿನ ಎಂಟಾಣೆ ಬಂತು, 22 ಮಿಲಿಮೀಟರಿಗೆ ಇಳಿಯಿತು. 2011ರಲ್ಲಿ ಇನ್ನೂ ಸಣ್ಣದಾಯಿತು. ಯಂತ್ರವನ್ನು ಅರ ಹಾಕಿ ಉಜ್ಜಿ ಹೊಸ ನಾಣ್ಯಕ್ಕೆ ಹೊಂದಿಸಲು ಹೋಗಬೇಡ. ಅಜ್ಜಿಯ ಕಾಸಿನ ಡಬ್ಬಿಯಲ್ಲಿ ಹಳೇ ಎಂಟಾಣೆ ಹತ್ತಿಪ್ಪತ್ತಾದರೂ ಇರುತ್ತದೆ, ತೆಗೆದಿಡು. ಬೀಗ ತೆಗೆಸಿದ ಮೇಲೆ ಹಣದ ಡಬ್ಬಿ ನಿನ್ನ ಕೈಯಲ್ಲೇ ಇರುತ್ತದಲ್ಲ, ಅದೇ ನಾಣ್ಯ ಸುತ್ತಿ ಸುತ್ತಿ ಬರುತ್ತದೆ. ಕಾಸಿಲ್ಲದೆ ಮಾತಾಡಬೇಕೆನ್ನುವ ಸೋಮಾರಿಗೆ ಒಂದು ತಂತಿಯ ತುಂಡಿನಲ್ಲಿ ಆ ರಿಲೇಯನ್ನು ಮೀರಿಸಿಡಬಹುದು. ಯಾವ ಎರಡು ಸ್ಕ್ರೂ ನಡುವೆ ಹಾಕಿದೆ ಅಂತ ಚೀಟಿ ಬರೆದು ಮುಚ್ಚಳದ ಒಳಗೆ ಅಂಟಿಸು. ಮುಂದೆ ತೆರೆಯುವವನು ನೀನೇ ಆಗಿರಬೇಕೆಂದಿಲ್ಲ.

ಅಳಿಯ: ನಮ್ಮೂರಿನ ಬಹಳ ಮನೆಗಳಲ್ಲಿ ತಾಮ್ರದ ಲೈನ್ ಹೋದ ಮೇಲೆ ಐಟಿಐ ಫೋನು ಅಟ್ಟ ಸೇರಿದೆ. ಗುಜರಿಯವನ ಗಾಡಿ ಬಂದಾಗಲೆಲ್ಲ ಒಂದೊಂದು ಹೋಗುತ್ತಿದೆ.

ಮಾವ: ಹೋಗದ ಹಾಗೆ ನೋಡಿಕೊ. ಡಯಲು, ಮೈಕಿನ ಗುಂಡು, ಗಂಟೆಯ ಸುರುಳಿ ಈಗ ಹೊಸದಾಗಿ ತಯಾರಾಗಿ ಅಂಗಡಿಗೆ ಬರುವುದಿಲ್ಲ. ಒಂದು ಸತ್ತ ಫೋನು ಇನ್ನೆರಡನ್ನು ಬದುಕಿಸುತ್ತದೆ. ಇಡೀ ಫೋನು ಇಟ್ಟುಕೊಳ್ಳಲು ಜಾಗ ಇಲ್ಲ ಅನ್ನುವವರು ಆ ಮೂರನ್ನು ಬಿಚ್ಚಿ, ಒಣ ಡಬ್ಬಿಯಲ್ಲಿ ಹಾಕಿಟ್ಟು, ಉಳಿದದ್ದನ್ನು ಮಾತ್ರ ಗಾಡಿಗೆ ಕೊಡಲಿ.